ಒಂದು ಆಣೆಯ ತಿಂಡಿಯಿಂದ ಅಕ್ಷರ ದಾಸೋಹದವರೆಗೆ: ಶಾಲೆಯ ಊಟದ ನೂರು ವರ್ಷದ ಕಥೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಟೈಮ್ ಸಿಗಲ್ಲ, ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಕೂತು ಓದ್ತೀನಿ ಅನ್ನೋರು ತುಂಬಾ ಜನ ಇದ್ದೀರಿ. ಹಾಗಾಗಿ ಮಾತಲ್ಲಿ ಬಿಟ್ಟುಹೋದ ಕೆಲವು ಇಸವಿ, ಅಂಕಿ ಸೇರಿಸಿ ಇಲ್ಲಿ ಹಾಕ್ತಿದ್ದೀನಿ.

ಈ ವಿಷಯ ಯಾಕೆ ತಗೊಂಡೆ ಅಂತ ಮೊದಲು ಹೇಳ್ತೀನಿ. ಹೋದ ತಿಂಗಳು ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಊಟಕ್ಕೆ ಕೂತಿದ್ವಿ. ಚೆನ್ನೈನ ಒಎಂಆರ್‌ನಲ್ಲಿ ಕೆಲಸ ಮಾಡೋರಿಗೆ ಆ ದೃಶ್ಯ ಗೊತ್ತು: ನಾಲ್ಕು ಭಾಷೆ, ಒಂದೇ ಟೇಬಲ್. ಟಿವಿಯಲ್ಲಿ ಶಾಲಾ ಮಕ್ಕಳ ಬೆಳಗಿನ ತಿಂಡಿ ಯೋಜನೆಯ ಸುದ್ದಿ ಬರ್ತಿತ್ತು. ನಮ್ಮ ಟೀಮಿನವನೊಬ್ಬ, ಕನ್ನಡದವನೇ, "ಸ್ಕೂಲು ನಡೆಸ್ತಾರೋ ಹೋಟೆಲ್ ನಡೆಸ್ತಾರೋ? ಎಲ್ಲಾ ನಮ್ಮ ಟ್ಯಾಕ್ಸ್ ದುಡ್ಡು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗು ಆಮೇಲೆ ತುಂಬಾ ದಿನ ಕಾಡಿತು. ಅವನ ಮುಂದಿದ್ದ ತಟ್ಟೆಗೂ ಕಂಪನಿ ಸಬ್ಸಿಡಿ ಇತ್ತು, ಅದು ಬೇರೆ ಮಾತು. ನನ್ನ ಅವ್ವ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಬಿಸಿಯೂಟ ಮಾಡಿದವಳು. ಅದನ್ನ ಅವತ್ತು ಟೇಬಲ್‌ನಲ್ಲಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅಲ್ಲಿ ಹೇಳದೇ ಇದ್ದದ್ದನ್ನ ಇಲ್ಲಿ ಹೇಳ್ತಿದ್ದೀನಿ.

ಟಿ. ನಗರದ 'ಟಿ' ಯಾರು?

ಚೆನ್ನೈನಲ್ಲಿ ಇರೋ ಕನ್ನಡಿಗರು ಹಬ್ಬದ ಸೀರೆಗೆ ಟಿ. ನಗರಕ್ಕೆ ಹೋಗ್ತೀವಿ. ಆ 'ಟಿ' ಅಂದ್ರೆ ಪಿ. ತ್ಯಾಗರಾಯ ಚೆಟ್ಟಿ. ಜಸ್ಟಿಸ್ ಪಕ್ಷದ ಸ್ಥಾಪಕರಲ್ಲಿ ಒಬ್ಬರು, ಮದ್ರಾಸ್ ಕಾರ್ಪೊರೇಷನ್ನಿನ ಅಧ್ಯಕ್ಷರು. 1920ರ ಸೆಪ್ಟೆಂಬರ್‌ನಲ್ಲಿ ಅವರ ಕೌನ್ಸಿಲ್ ಒಂದು ಚಿಕ್ಕ ನಿರ್ಣಯ ಪಾಸ್ ಮಾಡಿತು. ಥೌಸಂಡ್ ಲೈಟ್ಸ್ ಪ್ರದೇಶದ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ತಿಂಡಿ ಕೊಡಬೇಕು, ಖರ್ಚು ಒಂದು ಮಗುವಿಗೆ ದಿನಕ್ಕೆ ಒಂದು ಆಣೆ ಮೀರಬಾರದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಶಾಲೆಯ ಪೈಲಟ್ ಪ್ರಾಜೆಕ್ಟ್.

ಬಡ ಮಕ್ಕಳು ಶಾಲೆಗೆ ಯಾಕೆ ಬರ್ತಿಲ್ಲ ಅನ್ನೋದಕ್ಕೆ ಕೌನ್ಸಿಲ್ ಕಂಡುಕೊಂಡ ಉತ್ತರ ಸರಳವಾಗಿತ್ತು: ಹಸಿವು. ಪೈಲಟ್ ಗೆದ್ದಿತು. ಇನ್ನೂ ನಾಲ್ಕು ಶಾಲೆಗೆ ಹಬ್ಬಿತು. ಊಟ ಕೊಡುವ ಶಾಲೆಗಳಲ್ಲಿ 1922-23ರಲ್ಲಿ 811 ಇದ್ದ ಮಕ್ಕಳ ಸಂಖ್ಯೆ 1924-25ಕ್ಕೆ 1,671 ಆಯಿತು. ಎರಡು ವರ್ಷದಲ್ಲಿ ಎರಡು ಪಟ್ಟು!

ಆಮೇಲೆ ಏನಾಯ್ತು? ನಿಲ್ಲಿಸಿದರು. ಪ್ರಾಥಮಿಕ ಶಿಕ್ಷಣದ ನಿಧಿಯಲ್ಲಿ ಊಟದ ಖರ್ಚು ತೋರಿಸೋ ಹಾಗಿಲ್ಲ ಅಂತ ಸರ್ಕಾರದಿಂದ ತಕರಾರು ಬಂತು, 1925ರ ಏಪ್ರಿಲ್ 1ರಿಂದ ತಿಂಡಿ ಬಂದ್. ಗಮನಿಸಿ, ಇಂಗ್ಲೆಂಡಿನಲ್ಲಿ ಹಸಿದ ಶಾಲಾ ಮಕ್ಕಳಿಗೆ ಸ್ಥಳೀಯ ಸಂಸ್ಥೆಗಳು ಊಟ ಕೊಡಬಹುದು ಅಂತ 1906ರಲ್ಲೇ ಕಾನೂನು ಬಂದಿತ್ತು. ಲಂಡನ್ನಿನ ಮಗುವಿಗೆ ಅದು ಶಿಕ್ಷಣದ ಖರ್ಚು, ಮದ್ರಾಸಿನ ಮಗುವಿಗೆ ಅಲ್ಲ. 'ಇದು ಯಾವ ಬಜೆಟ್ ಹೆಡ್ ಕೆಳಗೆ ಬರುತ್ತೆ' ಅಂತ ಕೇಳಿ ಒಳ್ಳೆ ಕೆಲಸ ನಿಲ್ಲಿಸೋದು ನಮ್ಮ ಕಾಲದ್ದೇ ರೋಗ ಅಂದ್ಕೊಂಡಿದ್ದೆ. ನೂರು ವರ್ಷದ ಹಳೇ ರೋಗ ಅದು.

ದನ ಕಾಯೋ ಹುಡುಗ ಕೇಳಿದ ಪ್ರಶ್ನೆ

ಇಲ್ಲಿಂದ ಮೂವತ್ತು ವರ್ಷ ಮುಂದಕ್ಕೆ ಬರೋಣ. 1953ರಲ್ಲಿ ರಾಜಾಜಿ ಸರ್ಕಾರ ಹಳ್ಳಿ ಶಾಲೆಗಳ ಪಾಠದ ಹೊತ್ತನ್ನ ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲೀಲಿ ಅಂದಿತು. ಇದು ಜಾತಿಯ ಕಸುಬನ್ನೇ ಗಟ್ಟಿ ಮಾಡೋ ಯೋಜನೆ ಅಂತ ದೊಡ್ಡ ವಿರೋಧ ಬಂತು. 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜ್ ಅದನ್ನ ಕೈಬಿಟ್ಟರು. ಅವರು ಸ್ವತಃ ಸಣ್ಣ ವಯಸ್ಸಿನಲ್ಲೇ ಶಾಲೆ ಬಿಟ್ಟವರು.

ತಮಿಳುನಾಡಿನಲ್ಲಿ ಎಲ್ಲರ ಬಾಯಲ್ಲಿರೋ ಒಂದು ಕಥೆ ಇದೆ. ಚೇರನ್‌ಮಹಾದೇವಿ ಹತ್ತಿರ ರೈಲ್ವೆ ಗೇಟ್ ಬಿದ್ದಿತ್ತು, ಕಾಮರಾಜ್ ಕಾರಿಂದ ಇಳಿದು ದನ ಕಾಯ್ತಿದ್ದ ಹುಡುಗನನ್ನ "ಶಾಲೆಗೆ ಯಾಕಪ್ಪಾ ಹೋಗಲ್ಲ?" ಅಂತ ಕೇಳಿದರಂತೆ. ಅವನು "ಹೋದ್ರೆ ನೀವು ಊಟ ಹಾಕ್ತೀರಾ?" ಅಂದನಂತೆ. ಇದು ನಡೆದದ್ದೋ ಜನ ಕಟ್ಟಿದ್ದೋ, ಪ್ರಶ್ನೆ ಮಾತ್ರ ನಿಜ. 1956ರಲ್ಲಿ ಕಾಮರಾಜ್ ಸರ್ಕಾರ ಮಧ್ಯಾಹ್ನದ ಊಟ ಶುರು ಮಾಡಿತು. ಶಿಕ್ಷಣ ಇಲಾಖೆಯ ನಿರ್ದೇಶಕ ನೆ.ದು. ಸುಂದರವಡಿವೇಲು ಇದರ ಹಿಂದಿದ್ದ ಅಧಿಕಾರಿ. ಖರ್ಚಿನಲ್ಲಿ 60 ಭಾಗ ಸರ್ಕಾರದ್ದು, 40 ಭಾಗ ಊರಿನವರದ್ದು. ಅಕ್ಕಿ, ಬೇಳೆ, ಸೌದೆ, ಪಾತ್ರೆ ಅಂತ ಊರಿನವರೇ ಕೊಟ್ಟು ನಡೆಸಿದ ಶಾಲೆಗಳು ಎಷ್ಟೋ.

ಆದರೆ ಊರಿನ ದಾನ ನಂಬಿದ ಊಟ ಊರಿಗೆ ಬರ ಬಂದಾಗಲೇ ನಿಲ್ಲುತ್ತೆ. ಊಟ ಹೆಚ್ಚು ಬೇಕಾಗೋದೂ ಆಗಲೇ. 1961ರಲ್ಲಿ ಅಮೆರಿಕದ 'ಕೇರ್' ಸಂಸ್ಥೆ ಹಾಲಿನ ಪುಡಿ, ಎಣ್ಣೆ ಹಿಡಿದು ಬಂತು. ಅಮೆರಿಕದ ರೈತರ ಹತ್ತಿರ ಹೆಚ್ಚಾಗಿ ಉಳಿದ ದವಸವನ್ನ ಬಡ ದೇಶಗಳಿಗೆ ಕಳಿಸೋಕೆ 1954ರಲ್ಲಿ ಪಿಎಲ್-480 ಕಾನೂನು ಮಾಡಿದ್ದರಲ್ಲ, ಆ ಕಾಲ ಅದು. ನಮ್ಮ ಕಡೆಯ ಶಾಲೆಗಳಿಗೂ ಆ ಉಪ್ಪಿಟ್ಟು ಬಂತು. ನಮ್ಮಪ್ಪ ಈಗಲೂ ಹಳದಿ ಉಪ್ಪಿಟ್ಟಿನ ವಾಸನೆ, ನೀರಲ್ಲಿ ಕಲಸಿ ಕೊಡ್ತಿದ್ದ ಪುಡಿ ಹಾಲು ನೆನೆಸ್ಕೊಳ್ತಾನೆ. ಅಪ್ಪ ಶಾಲೆಯಲ್ಲಿ ಕಲಿತದ್ದು ಮೂರಕ್ಷರ, ಉಪ್ಪಿಟ್ಟು ಮಾತ್ರ ಮರೆತಿಲ್ಲ. ನಿಮ್ಮ ತಂದೆ-ತಾಯಿಯನ್ನ ಕೇಳಿ ನೋಡಿ, ಅರವತ್ತು ದಾಟಿದವರಲ್ಲಿ ತುಂಬಾ ಜನಕ್ಕೆ ಇದು ಗೊತ್ತಿರುತ್ತೆ.

ಎಂಜಿಆರ್ ಅನ್ನ

1982ರ ಜುಲೈ 1. ತಿರುಚಿರಾಪಳ್ಳಿ ಜಿಲ್ಲೆಯ ಪಾಪಾಕುರಿಚ್ಚಿ ಅನ್ನೋ ಹಳ್ಳಿಯಲ್ಲಿ ಮುಖ್ಯಮಂತ್ರಿ ಎಂಜಿಆರ್ ಪೌಷ್ಟಿಕ ಊಟದ ಯೋಜನೆ ಶುರು ಮಾಡಿದರು. ಮೊದಲು ಹಳ್ಳಿಗಳ ಚಿಕ್ಕ ಮಕ್ಕಳು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಟ್ಟಣಗಳು, 1984ರಲ್ಲಿ ಹದಿನೈದು ವರ್ಷದವರೆಗಿನ ಮಕ್ಕಳು. ಒಂದೇ ಸಲಕ್ಕೆ 60 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಊಟ. ಎಂಜಿಆರ್ ಬಾಲ್ಯದಲ್ಲಿ ಹಸಿವು ನೋಡಿದವರು, ಅದನ್ನ ಬಹಿರಂಗವಾಗಿ ಹೇಳಿಕೊಂಡವರು.

ಆಗಲೂ ನಮ್ಮ ಕೆಫೆಟೇರಿಯಾದ ಮಾತನ್ನೇ ಆಡಿದರು. ಓಟಿನ ರಾಜಕೀಯ, ದುಂದು, ಈ ದುಡ್ಡಲ್ಲಿ ಕಾರ್ಖಾನೆ ಕಟ್ಟಬಹುದಿತ್ತು ಅಂತೆಲ್ಲ. ರಾಜಕೀಯ ಇರಲಿಲ್ಲ ಅಂತ ನಾನೇನು ಹೇಳ್ತಿಲ್ಲ. ಆದರೆ ಅಡುಗೆಯವರು, ಸಹಾಯಕಿಯರು ಅಂತ ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಕೆಲಸ ಸಿಕ್ಕಿತು. ಅವರಲ್ಲಿ ವಿಧವೆಯರು, ಗಂಡ ಬಿಟ್ಟವರು ಎಷ್ಟೋ ಜನ. ಸರ್ಕಾರ ಬದಲಾದರೂ ಊಟ ನಿಲ್ಲಲಿಲ್ಲ. 1989ರಲ್ಲಿ ಕರುಣಾನಿಧಿ ಸರ್ಕಾರ ಹದಿನೈದು ದಿನಕ್ಕೊಂದು ಮೊಟ್ಟೆ ಸೇರಿಸಿತು, ಮುಂದೆ ಅದು ವಾರಕ್ಕೊಂದಾಯಿತು, 2010ಕ್ಕೆ ವಾರಕ್ಕೆ ಐದಾಯಿತು. ಎದುರಾಳಿಯ ಯೋಜನೆಯನ್ನ ರದ್ದು ಮಾಡೋ ಬದಲು ಅದರ ಮೇಲೆ ಇನ್ನೊಂದು ಮೊಟ್ಟೆ ಇಡೋದು. ಇಂಥ ರಾಜಕೀಯ ಎಲ್ಲಾ ಕಡೆ ಇದ್ದಿದ್ದರೆ ಚೆನ್ನಾಗಿರ್ತಿತ್ತು.

ಮೂರು ಕೆಜಿ ಅಕ್ಕಿ

ಕೇಂದ್ರ ಸರ್ಕಾರ ಈ ದಾರಿಗೆ ಬಂದಿದ್ದು 1995ರ ಆಗಸ್ಟ್ 15ರಂದು. ಕಾಗದದ ಮೇಲೆ ಅದು ಬಿಸಿ ಊಟದ ಯೋಜನೆ. ಆದರೆ ಬಹಳ ರಾಜ್ಯಗಳು ಅಡುಗೆಯ ತಾಪತ್ರಯ ಬೇಡ ಅಂತ ತಿಂಗಳಿಗೆ ಮೂರು ಕೆಜಿ ದವಸ ಹಂಚಿ ಕೈತೊಳೆದುಕೊಂಡವು. ಶೇಕಡ 80 ಹಾಜರಾತಿ ಇರಬೇಕು ಅನ್ನೋ ಷರತ್ತು ಬೇರೆ.

ಆಗ ನಾನು ಮೂರನೇ ಕ್ಲಾಸು. ಅಕ್ಕಿ ಕೊಡೋ ದಿನ ಶಾಲೆ ತುಂಬಿರ್ತಿತ್ತು, ಮರುದಿನ ಅರ್ಧ. ನಾನು ಚೀಲ ಹೊತ್ತು ತಂದ ಅಕ್ಕಿ ಮನೆಯ ಗಡಿಗೆಗೆ ಹೋಗ್ತಿತ್ತು. ಮನೆಯಲ್ಲಿ ಆರು ಜನ. ನನ್ನ ಪಾಲಿಗೆ ಬರ್ತಿದ್ದದ್ದು ಎರಡು ತುತ್ತು. ಇದು ತಪ್ಪು ಅಂತಲ್ಲ, ಬಡ ಮನೆಗೆ ಅಕ್ಕಿ ಅಕ್ಕಿನೇ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಶಾಲೆಯಲ್ಲಿ ಕೂತ ಮಗುವಿನ ಹೊಟ್ಟೆಗೆ ಅದರಿಂದ ಏನೂ ಬೀಳ್ತಿರಲಿಲ್ಲ.

2001ರಲ್ಲಿ ಕಥೆ ಕೋರ್ಟಿಗೆ ಹೋಯಿತು. ರಾಜಸ್ಥಾನದಲ್ಲಿ ಬರ, ಜನ ಹಸಿವಿನಿಂದ ಸಾಯ್ತಿದ್ದಾರೆ, ಅದೇ ಹೊತ್ತಿಗೆ ಆಹಾರ ನಿಗಮದ ಗೋದಾಮುಗಳಲ್ಲಿ ಐದು ಕೋಟಿ ಟನ್ನಿಗೂ ಹೆಚ್ಚು ದವಸ ಇದೆ. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2001ರ ನವೆಂಬರ್ 28ರ ಮಧ್ಯಂತರ ಆದೇಶದಲ್ಲಿ ಕೋರ್ಟ್ ಹೇಳಿದ್ದು ಒಬ್ಬ ಇಂಜಿನಿಯರ್‌ಗೆ ಖುಷಿ ಕೊಡೋ ಅಷ್ಟು ಸ್ಪಷ್ಟ: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಮೂರು ತಿಂಗಳಲ್ಲಿ ಅರ್ಧ ಜಿಲ್ಲೆಗಳು, ಅವೂ ಬಡ ಜಿಲ್ಲೆಗಳೇ ಮೊದಲು. 'ಬೇಯಿಸಿದ' ಅನ್ನೋ ಆ ಒಂದು ಪದದಲ್ಲಿ ಎಲ್ಲಾ ಇತ್ತು.

ಅವ್ವನ ಅಡುಗೆಮನೆ

ಕರ್ನಾಟಕದಲ್ಲಿ 2002-03ರಲ್ಲಿ ಬಿಸಿಯೂಟ ಶುರುವಾಗಿದ್ದು ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಈ ಏಳು ಜಿಲ್ಲೆಗಳಲ್ಲಿ. ಮರುವರ್ಷ ಉಳಿದ ಜಿಲ್ಲೆಗಳಿಗೆ, ಆಮೇಲೆ ಹಂತಹಂತವಾಗಿ ಹತ್ತನೇ ತರಗತಿವರೆಗೆ. ಇಟ್ಟ ಹೆಸರು 'ಅಕ್ಷರ ದಾಸೋಹ'. ಹನ್ನೆರಡನೇ ಶತಮಾನದ ಶರಣರಿಂದ ಬಂದ ಮಾತು ದಾಸೋಹ. ಕಲಬುರಗಿಯ ಶರಣಬಸವೇಶ್ವರರ ದಾಸೋಹ, ಸಿದ್ಧಗಂಗಾ ಮಠದಲ್ಲಿ ಸಾವಿರಾರು ಹುಡುಗರ ಊಟ-ಓದು, ಇವೆಲ್ಲ ಸರ್ಕಾರಕ್ಕಿಂತ ಮೊದಲೇ ನಮ್ಮಲ್ಲಿ ಇದ್ದವು. ಬೆಂಗಳೂರಿನಲ್ಲಿ ಅಕ್ಷಯ ಪಾತ್ರ ಕೂಡ 2000ದಲ್ಲೇ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾಗಿತ್ತು. ನಗರಗಳಿಗೆ ದೊಡ್ಡ ಅಡುಗೆಮನೆಯಿಂದ ವ್ಯಾನ್‌ನಲ್ಲಿ ಊಟ ಬರುತ್ತೆ. ನಮ್ಮೂರಿನಂಥ ಕಡೆ ಊರಿನ ಹೆಂಗಸರೇ ಶಾಲೆಯಲ್ಲಿ ಬೇಯಿಸ್ತಾರೆ.

ಹಾಗೆ ಬೇಯಿಸೋಕೆ ಸೇರಿದವಳು ಅವ್ವ. ಈ ಎಪಿಸೋಡ್‌ಗೆ ಅಂತ ಫೋನ್ ಮಾಡಿ ಕೇಳಿದೆ. "ಯಾಕಪಾ, ಈಗ್ಯಾಕ ಅದೆಲ್ಲಾ?" ಅಂದಳು. ಆಮೇಲೆ ಒಂದು ತಾಸು ಬಿಡಲಿಲ್ಲ.

ಮೊದಲು ಅಡುಗೆಮನೆ ಅಂತ ಇರಲಿಲ್ಲ, ಶಾಲೆಯ ಹಿಂದೆ ಮೂರು ಕಲ್ಲು, ಕಟ್ಟಿಗೆ. ಗಾಳಿ ಬಂದ್ರೆ ಸಾರಿನಲ್ಲಿ ಬೂದಿ. "ಹೊಗಿಗೆ ಕಣ್ಣು ಉರೀತಿದ್ವು ನೋಡು, ಗ್ಯಾಸ್ ಬಂದಮ್ಯಾಲೆ ಜೀವ ಬಂತು." ಬೆಳಿಗ್ಗೆ ಮೇಷ್ಟ್ರು ಹಾಜರಿ ತಗೊಂಡು ಇಷ್ಟು ಮಕ್ಕಳು ಅಂತ ಚೀಟಿ ಕಳಿಸ್ತಿದ್ದರು. ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಲೆಕ್ಕದಲ್ಲಿ ತೂಗಬೇಕು. ಅವ್ವ ಶಾಲೆಗೆ ಹೋದವಳಲ್ಲ. ಆದರೆ 140 ಮಕ್ಕಳಿಗೆ ಎಷ್ಟು ಬೇಳೆ ಅಂತ ಬಾಯಲ್ಲೇ ಹೇಳ್ತಿದ್ದಳು.

ಇನ್ನೊಂದು ವಿಷಯ ಅವಳಾಗಿ ಹೇಳಲಿಲ್ಲ, ನಾನೇ ಕೇಳಿದೆ. ಮೊದಲ ವಾರ ಎಷ್ಟು ಮಕ್ಕಳು ಉಂಡರು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅರ್ಧ ಮಕ್ಕಳು ಡಬ್ಬಿ ತರ್ತಿದ್ವು" ಅಂದಳು. ನಮ್ಮ ಕೇರಿ ಯಾವುದು ಅಂತ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ, ಅರ್ಥ ಆಗಿರುತ್ತೆ. ಹೆಡ್ ಮಾಸ್ತರರು ಜಗಳ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ದಿನಾ ಮೊದಲ ತಟ್ಟೆ ತಾವು ಹಾಕಿಸಿಕೊಂಡು, ಮಕ್ಕಳ ಸಾಲಿನ ನಡುವೆ ಕೂತು ಉಂಡರು. ಡಬ್ಬಿ ಒಂದೊಂದಾಗಿ ಕಡಿಮೆಯಾದವು. ಪೂರ್ತಿ ನಿಲ್ಲೋಕೆ ಎರಡು ವರ್ಷ ಬೇಕಾಯಿತು.

ಇದು ನಮ್ಮೂರೊಂದರ ಕಥೆ ಅಲ್ಲ. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯಿಂದ ಬಡಿಸಿದ್ದನ್ನ ಉಣ್ಣೋದು ನಮ್ಮ ಹಳ್ಳಿಗಳಲ್ಲಿ ಸಣ್ಣ ಪಾಠ ಅಲ್ಲ. ಅದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ನಾನು ಆಗ ಹೈಸ್ಕೂಲು, ನನಗೆ ಆ ಊಟ ಸಿಗಲಿಲ್ಲ. ಸಿಕ್ಕಿದ್ದು ತಂಗಿಗೆ. ಅದಕ್ಕೆ ಮೊದಲು ವಾರಕ್ಕೆ ಎರಡು-ಮೂರು ದಿನ ಅವಳು ತಮ್ಮನನ್ನ ಎತ್ತಿಕೊಂಡು ಮನೆಯಲ್ಲೇ ಇರ್ತಿದ್ದಳು. ಊಟ ಶುರುವಾದ ಮೇಲೆ ತಪ್ಪಿಸಲಿಲ್ಲ. ಅವಳನ್ನ ಶಾಲೆಗೆ ಕಳಿಸೋದು ಮನೆಗೆ ನಷ್ಟ ಅನ್ನೋ ಲೆಕ್ಕ ತಿರುಗಿಹೋಯಿತು. ಇವತ್ತು ಅವಳು ಡಿಪ್ಲೊಮಾ ಮುಗಿಸಿ ಹೊಸಪೇಟೆಯಲ್ಲಿ ಕೆಲಸದಲ್ಲಿದ್ದಾಳೆ.

ಡೇಟಾ ಏನು ಹೇಳುತ್ತೆ?

ನಮ್ಮ ಮನೆಯ ಕಥೆ ಒಂದೇ ಸ್ಯಾಂಪಲ್, ಒಪ್ತೀನಿ. ಹಾಗಾಗಿ ಅಂಕಿ ನೋಡೋಣ. ಅರ್ಥಶಾಸ್ತ್ರಜ್ಞ ಜಾನ್ ಡ್ರೆಜ್ ಮತ್ತು ಅಪರಾಜಿತಾ ಗೋಯಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಛತ್ತೀಸ್‌ಗಢ, ರಾಜಸ್ಥಾನ, ಕರ್ನಾಟಕದ 81 ಶಾಲೆಗಳನ್ನ ನೋಡಿತು. ಒಂದನೇ ತರಗತಿಗೆ ಸೇರೋ ಮಕ್ಕಳು ಸುಮಾರು ಶೇ. 15ರಷ್ಟು ಹೆಚ್ಚಿದ್ದರು, ಹುಡುಗಿಯರಲ್ಲಿ ಶೇ. 19ರಷ್ಟು.

ಹೈದರಾಬಾದ್ ಸ್ನೇಹಿತರಿಗೆ ಒಂದು: ಅವಿಭಜಿತ ಆಂಧ್ರಪ್ರದೇಶದ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿದ 'ಯಂಗ್ ಲೈವ್ಸ್' ಅಧ್ಯಯನದಲ್ಲಿ, ಎಳೆ ವಯಸ್ಸಿನಲ್ಲಿ ಬರಕ್ಕೆ ಸಿಕ್ಕಿ ಸೊರಗಿದ್ದ ಮಕ್ಕಳು ಶಾಲೆಯ ಊಟದಿಂದ ಚೇತರಿಸಿಕೊಂಡಿದ್ದು ಕಂಡುಬಂತು. ಇನ್ನೊಂದು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್'ನಲ್ಲಿ ಬಂದದ್ದು. ಬಾಲ್ಯದಲ್ಲಿ ಶಾಲೆಯ ಊಟ ಸಿಕ್ಕಿದ್ದ ಹುಡುಗಿಯರು ಮುಂದೆ ತಾಯಂದಿರಾದಾಗ, ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಇತ್ತು. ಅಂದ್ರೆ 1995ರಲ್ಲಿ ಹಾಕಿದ ಅನ್ನದ ಫಲ 2016ರ ಸರ್ವೆಯಲ್ಲಿ, ಇನ್ನೊಂದು ತಲೆಮಾರಿನ ಎತ್ತರದಲ್ಲಿ ಕಾಣ್ತಿದೆ. ಮೂರು ತಿಂಗಳ ಕ್ವಾರ್ಟರ್‌ನಲ್ಲಿ ರಿಸಲ್ಟ್ ಕೇಳೋ ನಮ್ಮಂಥವರಿಗೆ ಇದು ಸ್ವಲ್ಪ ಕಷ್ಟದ ಲೆಕ್ಕ.

ಎಲ್ಲಾ ಸರಿ ಇಲ್ಲ

ಹೊಗಳಿ ಮುಗಿಸಿದರೆ ಅದು ಇತಿಹಾಸ ಆಗಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ ಶಾಲೆಯ ಊಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಸೇರಿತ್ತು. ಆ ಸುದ್ದಿ ಬಂದ ದಿನ ಅವ್ವ ಎಣ್ಣೆ ಡಬ್ಬ ಮೂರು ಸಲ ಮೂಸಿ ನೋಡಿದಳಂತೆ. ಊಟ ಕೊಡೋದು ಅಂದ್ರೆ ಉಗ್ರಾಣ, ನೀರು, ರುಚಿ ನೋಡೋ ಶಿಸ್ತು ಎಲ್ಲಾ ಸೇರಿದ್ದು.

ಎರಡನೆಯದು ಮೊಟ್ಟೆ. 2013ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆಗೆ 2021ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು, ಅದೂ ಮೊದಲು ನಮ್ಮ ಕಡೆಯ ಹಿಂದುಳಿದ ಜಿಲ್ಲೆಗಳಲ್ಲಿ. ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇದ್ದೇ ಇತ್ತು. ಕೊಪ್ಪಳ ಜಿಲ್ಲೆಯ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಅಂತ ಮುಖಕ್ಕೆ ಹೊಡೆದಂತೆ ಹೇಳಿದ ವಿಡಿಯೋ ಆಗ ನೀವೂ ನೋಡಿರ್ತೀರಿ. ನಮ್ಮ ಐಟಿ ಲೋಕಕ್ಕೆ ಸಂಬಂಧಪಟ್ಟ ವಿಷಯ ಏನಂದ್ರೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ ಕೊಡೋಕೆ ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಸಾಧ್ಯವಾಯಿತು.

ಮೂರನೆಯದು ದುಡ್ಡು. 2025ರ ಮೇ ತಿಂಗಳಿನಿಂದ ಪ್ರಾಥಮಿಕ ಶಾಲೆಯ ಮಗುವಿನ ಒಂದು ಊಟದ ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲಾ ಸೇರಿ ಕೇಂದ್ರದ ನಿಗದಿ ₹6.78. ಅಕ್ಕಿ, ಗೋಧಿ ಮಾತ್ರ ಬೇರೆ ಬರುತ್ತೆ. ಒಂದು ಕಪ್ ಟೀ ಎಷ್ಟು ಅಂತ ನಿಮಗೆ ಗೊತ್ತು. ಅಡುಗೆಯವರಿಗೆ ಕೇಂದ್ರ 2009ರಲ್ಲಿ ತಿಂಗಳಿಗೆ ₹1,000 ಗೌರವಧನ ನಿಗದಿ ಮಾಡಿತು, ಅದನ್ನ ಇವತ್ತಿಗೂ ಏರಿಸಿಲ್ಲ. ರಾಜ್ಯಗಳು ತಮ್ಮ ಕೈಯಿಂದ ಸೇರಿಸಿದ್ದಷ್ಟೇ ಮೇಲಿನದು. ಸಂಬಳ ಅಂದ್ರೆ ಪಿಎಫ್, ಪಿಂಚಣಿ ಕೇಳ್ತಾರೆ, ಅದಕ್ಕೇ ಗೌರವಧನ ಅನ್ನೋ ಹೆಸರು. ಅವ್ವ ಹೋದ ವರ್ಷ ಅರವತ್ತು ತುಂಬಿ ಕೆಲಸ ಬಿಟ್ಟಳು. ಶಾಲೆಯವರು ಪ್ರೀತಿಯಿಂದ ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸಿದರು. ಪಿಂಚಣಿ ಇಲ್ಲ.

ಕೊನೆಯ ಮಾತು

ಇವತ್ತು ಪಿಎಂ ಪೋಷಣ್ ಅನ್ನೋ ಹೆಸರಿನಲ್ಲಿ ಈ ಊಟ ದೇಶದ 10 ಲಕ್ಷಕ್ಕೂ ಹೆಚ್ಚು ಶಾಲೆಗಳಲ್ಲಿ ನಡೀತಿದೆ. ನಾನು ಇರೋ ತಮಿಳುನಾಡು ಇನ್ನೊಂದು ಹೆಜ್ಜೆ ಮುಂದೆ ಹೋಗಿ 2022ರ ಸೆಪ್ಟೆಂಬರ್ 15ರಂದು ಮದುರೈನಲ್ಲಿ ಬೆಳಗಿನ ತಿಂಡಿ ಶುರು ಮಾಡಿತು. ನೂರು ವರ್ಷದ ಹಿಂದೆ ಥೌಸಂಡ್ ಲೈಟ್ಸ್‌ನಲ್ಲಿ ಶುರುವಾಗಿದ್ದೂ ತಿಂಡಿಯೇ ಅಲ್ವಾ. ಬ್ರೆಜಿಲ್, ಘಾನಾ, ಕೀನ್ಯಾದಂಥ ದೇಶಗಳಲ್ಲೂ ತಮ್ಮ ತಮ್ಮ ರೀತಿಯ ಶಾಲೆಯ ಊಟ ಇದೆ. ಎಲ್ಲಾ ಕಡೆ ಮೊದಲ ದಿನ ಕೇಳೋ ಪ್ರಶ್ನೆ ಒಂದೇ: ಶಾಲೆಯೋ, ಹೋಟೆಲೋ?

ಹೋದ ವಾರ ಆ ಗೆಳೆಯನ ಜೊತೆ ಮತ್ತೆ ಊಟಕ್ಕೆ ಕೂತಾಗ ಹೇಳಿದೆ, ನಮ್ಮವ್ವ ಬಿಸಿಯೂಟದ ಅಡುಗೆಯವಳು ಅಂತ. ಅವನಿಗೆ ಮುಜುಗರ ಆಯಿತು, ಸಾರಿ ಕೇಳಿದ. ಸಾರಿ ಬೇಡ, ₹6.78 ಅನ್ನೋ ಸಂಖ್ಯೆ ನೆನಪಿಟ್ಕೋ ಸಾಕು ಅಂದೆ. ಅವನು ತಟ್ಟೆ ನೋಡಿ, "ನಮ್ಮಮ್ಮನೂ ಉಪ್ಪಿಟ್ಟಿಗೇ ಶಾಲೆಗೆ ಹೋಗ್ತಿದ್ಲಂತೆ ಕಣೋ" ಅಂದ. ಆಮೇಲೆ ಇಬ್ಬರೂ ಊಟ ಮುಗಿಸಿ ಎದ್ವಿ, ಎರಡು ಗಂಟೆಗೆ ಮೀಟಿಂಗ್ ಇತ್ತು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ, ಶಾಲೆ ತೆರೆದಿದ್ದರೆ ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಅಡುಗೆಮನೆ ಕಡೆ ಇಣುಕಿ ನೋಡಿ. ಅಲ್ಲಿ ಬಡಿಸ್ತಿರೋ ಅಕ್ಕನಿಗೆ ಗೌರವಧನ ಯಾವ ತಿಂಗಳದ್ದು ಬಂದಿದೆ ಅಂತ ಕೇಳಿ. ಎಸ್‌ಡಿಎಂಸಿಯಲ್ಲಿ ನಿಮ್ಮ ಪರಿಚಯದವರು ಇದ್ದರೆ ಅವರ ಜೊತೆ ಕೂತು ಮಾತಾಡಿ. ನಿಮ್ಮ ಮನೆಯ ಹಿರಿಯರ ಉಪ್ಪಿಟ್ಟಿನ ನೆನಪು ಇದ್ದರೆ ಬರೆದು ಕಳಿಸಿ, ಮುಂದಿನ ಸಲ ಓದ್ತೀನಿ.

ಸಿಗೋಣ. ನಮಸ್ಕಾರ.